ಮುಗಿಲ ಮೇಲಿನ ತೊಟ್ಟಿಲು

ಹಸುಗೂಸನ್ನು ಎತ್ತಿಕೊಂಡು ದೂರದ ಊರಿಗೆ ಹೊರಡುವುದು ಕನ್ನಡ ನಾಡಿನ ಸಂಸಾರಗಳಲ್ಲಿ ಎಂದೂ ಸಣ್ಣ ಸಂಗತಿಯಾಗಿರಲಿಲ್ಲ. ಬಾಣಂತನ ಮುಗಿಸಿಕೊಂಡು ತವರಿನಿಂದ ಗಂಡನ ಮನೆಗೆ ಹೊರಟ ಹೆಣ್ಣುಮಗಳ ಜೊತೆಗೆ ಮನೆಯ ಹಿರಿಯಳೊಬ್ಬಳು ಹೊರಡುತ್ತಿದ್ದಳು. ಕೂಜದ ತುಂಬ ಕಾಸಿ ಆರಿಸಿದ ನೀರು, ಬಟ್ಟೆಯಲ್ಲಿ ಸುತ್ತಿದ ಬೆಳ್ಳಿಯ ಒಳಲೆ, ತೊಳೆತೊಳೆದು ಮೆತ್ತಗಾದ ಹಳೆಯ ಸೀರೆಗಳ ಒಂದು ಗಂಟು, ಇಷ್ಟಿದ್ದರೆ ಸಾಕಾಗಿತ್ತು. ರೈಲಿನ ಡಬ್ಬಿಯಲ್ಲಿ ಮೇಲಿನ ಎರಡು ಹಲಗೆಗಳಿಗೆ ಸೀರೆಯ ಜೋಲಿ ಕಟ್ಟಿದರೆ ತೂಗುವ ಕೆಲಸವನ್ನು ಗಾಡಿಯೇ ನೋಡಿಕೊಳ್ಳುತ್ತಿತ್ತು. ಮಗು ಅತ್ತರೆ ಎದುರಿಗೆ ಕುಳಿತ ಅಜ್ಜಿ ಕೈಚಾಚಿ ಎತ್ತಿಕೊಳ್ಳುತ್ತಿದ್ದಳು. ಅರಸೀಕೆರೆ ಬರುವುದರೊಳಗಾಗಿ ಡಬ್ಬಿಯಲ್ಲಿದ್ದವರೆಲ್ಲ ನೆಂಟರಾಗಿರುತ್ತಿದ್ದರು.

ಈಗ ಎಷ್ಟೋ ಹೆಣ್ಣುಮಕ್ಕಳ ಗಂಡನ ಮನೆ ಶಿವಮೊಗ್ಗದಲ್ಲಿಯೂ ಇಲ್ಲ, ಹುಬ್ಬಳ್ಳಿಯಲ್ಲಿಯೂ ಇಲ್ಲ, ಕ್ಯಾಲಿಫೋರ್ನಿಯದಲ್ಲಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ನೆಟ್ಟಗೆ ಹಾರಿದರೂ ಸುಮಾರು 14,000 ಕಿಲೋಮೀಟರ್ ದೂರ. ನಡುವೆ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಇಳಿದು ಬೇರೆ ವಿಮಾನ ಹತ್ತುವುದಾದರೆ, ತವರಿನ ಹೊಸ್ತಿಲು ದಾಟಿದವಳು ತನ್ನ ಮನೆಯ ಹೊಸ್ತಿಲು ತುಳಿಯಲು ಒಂದು ಹಗಲು ಒಂದು ರಾತ್ರಿಯೂ ಸಾಲದು. ಅಲ್ಲಿ ಜೋಲಿ ಕಟ್ಟುವಂತಿಲ್ಲ. ಬೇಸರವಾಯಿತೆಂದು ನಡುವೆ ಇಳಿಯುವಂತಿಲ್ಲ. ಎದುರಿನ ಆಸನದವರ ಬೆನ್ನು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಬೇಸಗೆಯ ಕೊನೆಯಲ್ಲಿ ಇಂಥದೇ ಒಂದು ಪ್ರಯಾಣದ ಸಿದ್ಧತೆ ನಡೆದಿತ್ತು. ಹೆರಿಗೆಗೆಂದು ತವರಿಗೆ ಬಂದ ಮಗಳು ಮರಳಿ ಹೊರಟಿದ್ದಳು. ಮಗುವಿನ ಪಾಸ್‌ಪೋರ್ಟು, ವೀಸಾಗಳ ಓಡಾಟ ಮುಗಿಯುವ ಹೊತ್ತಿಗೆ ಕೂಸಿಗೆ ಹನ್ನೊಂದು ತಿಂಗಳು ತುಂಬಿತ್ತು. ಅಳಿಯನಿಗೆ ರಜೆ ಇರಲಿಲ್ಲ. ಜೊತೆಗೆ ಹೋಗಲು ಅಜ್ಜಿಯ ಮಂಡಿನೋವು ಬಿಡಲಿಲ್ಲ. ತಾಯಿ ಒಬ್ಬಳೇ ಮಗುವನ್ನು ಕರೆದೊಯ್ಯಬೇಕಾಗಿತ್ತು. ಮಗು ಒಬ್ಬರೇ ಹೆತ್ತವರೊಡನೆ ಗಡಿ ದಾಟುವಾಗ ಮತ್ತೊಬ್ಬರ ಒಪ್ಪಿಗೆಯ ಪತ್ರ ಕೈಯಲ್ಲಿದ್ದರೆ ಒಳ್ಳೆಯದೆಂದು ಅಮೆರಿಕದ ಅಧಿಕಾರಿಗಳು ಹೇಳುವರಾಗಿ, ಅಳಿಯ ಅಂಥ ಪತ್ರವನ್ನೂ ಕಳುಹಿಸಿದ್ದ. ಕಾಗದಗಳ ಚಿಂತೆ ತೀರಿತು. ಉಳಿದದ್ದು ಇಪ್ಪತ್ತೈದು ಗಂಟೆಗಳ ಚಿಂತೆ.

ಎದುರುಮನೆಯ ಹಿರಿಯರು ಆ ಚಿಂತೆಯನ್ನು ಒಂದೇ ಮಾತಿನಲ್ಲಿ ತೀರಿಸಿದರು.

“ಇಷ್ಟಕ್ಕೆಲ್ಲ ಯೋಚನೆಯೇ, ತಾಯಿ? ನೆಗಡಿಗೆ ಕೊಡುವ ಔಷಧವಿಲ್ಲವೇ, ಅದನ್ನೇ ಒಂದು ಚಮಚ ಕುಡಿಸಿಬಿಡು. ನಮ್ಮ ಮೊಮ್ಮಗ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದವನು ಅಮೆರಿಕದಲ್ಲೇ ಕಣ್ಣು ಬಿಟ್ಟ!”

ಹೊರಡುವ ವಾರದಲ್ಲಿ ಮಗುವನ್ನು ತೋರಿಸಲು ತಾಯಿಯೂ ಅಜ್ಜಿಯೂ ಮಕ್ಕಳ ವೈದ್ಯರಲ್ಲಿಗೆ ಹೋದರು. ಒಂಬತ್ತನೆಯ ತಿಂಗಳಿನ ದಡಾರದ ಲಸಿಕೆ ಆಗಿದೆಯೆಂಬುದನ್ನು ವೈದ್ಯರು ನೋಡಿಕೊಂಡರು. ಕಿವಿಯೊಳಗೆ ದೀಪ ಹಿಡಿದು ಪರೀಕ್ಷಿಸಿದರು. ತಾಯಿ ಸಂಕೋಚದಿಂದಲೇ ನಿದ್ದೆಯ ಔಷಧದ ಮಾತೆತ್ತಿದಳು.

“ಆ ಮಾತನ್ನು ಇಲ್ಲಿಗೇ ಬಿಟ್ಟುಬಿಡಮ್ಮ,” ಎಂದರು ವೈದ್ಯರು. “ಅದರ ಬದಲು ಒಂದು ಮಾತನ್ನು ನೆನಪಿಟ್ಟುಕೋ. ವಿಮಾನ ಕೆಳಕ್ಕಿಳಿಯಲು ಆರಂಭಿಸಿದಾಗ ಮಗು ಮಲಗಿದ್ದರೆ ಎಬ್ಬಿಸು. ಎಬ್ಬಿಸಿ ಹಾಲು ಕೊಡು.”

ಅಜ್ಜಿಗೆ ಇದು ಸರಿಬೀಳಲಿಲ್ಲ. “ಮಲಗಿದ ಮಗುವನ್ನು ಎಬ್ಬಿಸುವುದೇ ಡಾಕ್ಟ್ರೇ? ಎಲ್ಲಾದರೂ ಉಂಟೇ?”

ವೈದ್ಯರು ನಕ್ಕರು. “ನೆಲದ ಮೇಲೆ ನಿಮ್ಮ ಮಾತೇ ಸರಿ, ಅಮ್ಮ. ಆಕಾಶದಲ್ಲಿ ಮಾತ್ರ ನನ್ನ ಮಾತು ನಡೆಯಲಿ.”

ಕಿವಿಯೊಳಗಿನ ಕೊಳವೆ

ವೈದ್ಯರ ಮಾತಿನ ಹಿಂದಿರುವ ಕಾರಣವನ್ನು ಆಗುಂಬೆಯ ಘಟ್ಟವನ್ನೋ ಚಾರ್ಮಾಡಿಯನ್ನೋ ಇಳಿದವರೆಲ್ಲ ತಮಗರಿಯದೆಯೇ ಬಲ್ಲರು. ಬಸ್ಸು ತಿರುವುಗಳನ್ನು ಸುತ್ತಿ ಇಳಿಯುತ್ತಿದ್ದಂತೆ ಕಿವಿಗಳು ಮುಚ್ಚಿಕೊಂಡಂತಾಗುತ್ತವೆ. ಪಕ್ಕದವರ ಮಾತು ದೂರದಿಂದ ಬಂದಂತೆ ಕೇಳುತ್ತದೆ. ಉಗುಳು ನುಂಗಿದೊಡನೆ ‘ಟಪ್’ ಎಂದು ತೆರೆದುಕೊಳ್ಳುತ್ತವೆ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಕೋಣೆಯುಂಟು. ಅಲ್ಲಿಂದ ಗಂಟಲಿನ ಹಿಂಭಾಗಕ್ಕೆ ಒಂದು ಕಿರಿದಾದ ಕೊಳವೆ ಹೋಗುತ್ತದೆ. ಅದನ್ನು ಯೂಸ್ಟೇಷಿಯನ್ ನಾಳವೆನ್ನುತ್ತಾರೆ. ಆ ನಾಳ ಸಾಮಾನ್ಯವಾಗಿ ಮುಚ್ಚಿರುತ್ತದೆ. ನುಂಗುವಾಗ, ಆಕಳಿಸುವಾಗ ಗಳಿಗೆಯ ಮಟ್ಟಿಗೆ ತೆರೆದು ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡಗಳನ್ನು ಸರಿತೂಗಿಸುತ್ತದೆ.

ವಿಮಾನವು 35,000 ಅಡಿಗಳ ಎತ್ತರದಲ್ಲಿ ಹಾರುವಾಗ ಹೊರಗಿನ ಗಾಳಿಯಲ್ಲಿ ಮನುಷ್ಯನು ಉಸಿರಾಡಿ ಬದುಕಲಾರ. ಆದ್ದರಿಂದ ಒಳಗೆ ಯಂತ್ರದ ಬಲದಿಂದ ಗಾಳಿಯನ್ನು ಒತ್ತಿ ತುಂಬುತ್ತಾರೆ. ಆದರೆ ನೆಲದ ಮೇಲಿರುವಷ್ಟು ಒತ್ತಡವನ್ನು ತುಂಬುವುದಿಲ್ಲ. ವಿಮಾನದ ಮೈ ಅದನ್ನು ತಾಳಿಕೊಳ್ಳಬೇಕಾದರೆ ಇನ್ನೂ ಭಾರವಾಗಬೇಕಾಗುತ್ತದೆ. ಬೋಯಿಂಗ್ 787ರಂತಹ ಹೊಸ ಬಗೆಯ ವಿಮಾನಗಳಲ್ಲಿ ಒಳಗಿನ ಗಾಳಿಯು ಸುಮಾರು 6,000 ಅಡಿಗಳ ಎತ್ತರದ ಗಾಳಿಗೆ ಸಮನಾಗಿರುತ್ತದೆ. ಹಳೆಯವುಗಳಲ್ಲಿ 8,000 ಅಡಿಗಳವರೆಗೂ ಹೋಗಬಹುದು. ಎಂದರೆ ಬೆಂಗಳೂರಿನ 3,000 ಅಡಿಗಳಿಂದ ಹೊರಟ ಕೂಸು, ಮಡಿಲಿನಿಂದ ಕದಲದೆಯೇ, ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರಕ್ಕೋ ಅದಕ್ಕೂ ಮೇಲಕ್ಕೋ ಏರಿ ಕುಳಿತಂತಾಯಿತು.

ಏರುವಾಗ ಅಷ್ಟು ತೊಂದರೆಯಿಲ್ಲ. ಕಿವಿಯೊಳಗಿನ ಗಾಳಿ ಹಿಗ್ಗಿ ತಾನಾಗಿಯೇ ನಾಳವನ್ನು ತಳ್ಳಿಕೊಂಡು ಹೊರಬೀಳುತ್ತದೆ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಹೆಚ್ಚುತ್ತ ಹೋಗುತ್ತದೆ. ನಾಳದ ಮೆತ್ತನೆಯ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನುಂಗದೆ ಅವು ಬಿಡಿಸಿಕೊಳ್ಳುವುದಿಲ್ಲ. ಶಿಶುಗಳಲ್ಲಿ ಈ ನಾಳ ದೊಡ್ಡವರದಕ್ಕಿಂತ ಕಿರಿದು, ಗಿಡ್ಡ, ಹೆಚ್ಚು ಮಟ್ಟಸ. ನೆಗಡಿಯಿದ್ದರಂತೂ ಕೇಳುವುದೇ ಬೇಡ. ದೊಡ್ಡವರು ಪೆಪ್ಪರಮಿಂಟು ಚೀಪಿಯೋ ಮೂಗು ಹಿಡಿದು ಗಾಳಿಯೂದಿಯೋ ಪಾರಾಗುತ್ತಾರೆ. ಕೂಸಿಗೆ ಇದಾವುದೂ ತಿಳಿಯದು. ತಮಟೆ ಒಳಕ್ಕೆ ಜಗ್ಗಿದಂತಾಗಿ ನೋಯುತ್ತದೆ, ಅದು ಅಳುತ್ತದೆ.

ನಿದ್ದೆಯಲ್ಲಿರುವವರು ಎಚ್ಚರವಾಗಿರುವವರಿಗಿಂತ ಬಹಳ ಕಡಿಮೆ ಸಲ ನುಂಗುತ್ತಾರೆ. ಗಾಢ ನಿದ್ದೆಯಲ್ಲಿಯೇ ಇಳಿಯತೊಡಗಿದ ಕೂಸು ಅರ್ಧ ದಾರಿಯಲ್ಲಿ ಚೀರಿಕೊಂಡೇ ಎಚ್ಚರಗೊಳ್ಳುವುದು ಇದರಿಂದ. ಇಳಿತ ಆರಂಭವಾದೊಡನೆ ಎಬ್ಬಿಸಿ ಎದೆಹಾಲನ್ನೋ ಸೀಸೆಯ ಹಾಲನ್ನೋ ಕೊಟ್ಟರೆ, ಒಂದೊಂದು ಗುಟುಕೂ ಆ ನಾಳದ ಬಾಗಿಲನ್ನು ತೆರೆಯುವ ಒಂದೊಂದು ಬೀಗದ ಕೈಯಾಗುತ್ತದೆ.

ನಿದ್ದೆಯ ಮದ್ದು

ಎದುರುಮನೆಯ ಹಿರಿಯರ ಸಲಹೆ ಎಲ್ಲಿ ತಪ್ಪಿತೆಂಬುದು ಈಗ ಸ್ಪಷ್ಟವಾದೀತು. ಮದ್ದಿನ ನಿದ್ದೆಯಲ್ಲಿರುವ ಮಗುವನ್ನು ಬೇಕಾದ ಹೊತ್ತಿಗೆ ಎಬ್ಬಿಸಿ ಹಾಲು ಕುಡಿಸುವುದು ಸುಲಭವಲ್ಲ. ಆದರೆ ಕಿವಿಯ ನೋವು ಅಪಾಯಗಳಲ್ಲಿ ಚಿಕ್ಕದು.

ನೆಗಡಿ, ಅಲರ್ಜಿಗಳಿಗೆ ಕೊಡುವ ಹಳೆಯ ಔಷಧಗಳಲ್ಲಿ ಹಲವು ನಿದ್ದೆಯನ್ನು ತರುತ್ತವೆ. ಅವುಗಳಲ್ಲೊಂದಾದ ಪ್ರೊಮೆಥಜೀನ್ ಎಂಬುದನ್ನು ಎರಡು ವರ್ಷ ತುಂಬದ ಮಕ್ಕಳಿಗೆ ಕೊಡಲೇಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2004ರಲ್ಲಿ ಅತಿ ಕಠಿಣವಾದ ಎಚ್ಚರಿಕೆಯನ್ನು ಹೊರಡಿಸಿತು; ಆ ವಯಸ್ಸಿನವರಲ್ಲಿ ಅದು ಉಸಿರಾಟವನ್ನೇ ಕುಗ್ಗಿಸಿ ಪ್ರಾಣಕ್ಕೆ ಎರವಾಗಬಹುದು. ಭಾರತದಲ್ಲಿಯೂ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎಂಬೆರಡನ್ನು ಬೆರೆಸಿದ ನೆಗಡಿಯ ಔಷಧಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೆಯೇ ಅಚ್ಚು ಹಾಕುವಂತೆ 2023ರ ಡಿಸೆಂಬರಿನಲ್ಲಿ ಔಷಧ ನಿಯಂತ್ರಣಾಧಿಕಾರಿಗಳು ಆಜ್ಞೆ ಮಾಡಿದರು. ಗಾಳಿಯೇ ತೆಳುವಾದ ಕಡೆಯಲ್ಲಿ, ವೈದ್ಯರ ನೆರವು ಗಂಟೆಗಳ ದೂರವಿರುವಲ್ಲಿ, ಉಸಿರನ್ನು ಮಂದಗೊಳಿಸುವ ವಸ್ತುವನ್ನು ಕೂಸಿನ ಬಾಯಿಗೆ ಹನಿಸುವುದು ಪ್ರೀತಿಯ ಕೆಲಸವಾಗಲಾರದು.

ಇನ್ನೊಂದು ವಿಚಿತ್ರವೂ ಉಂಟು. ಇಂಥ ಔಷಧಗಳು ಕೆಲವು ಮಕ್ಕಳಿಗೆ ನಿದ್ದೆ ತರುವುದರ ಬದಲು ಕೆರಳಿಕೆಯನ್ನು ತರುತ್ತವೆ. ಮಲಗಲೆಂದು ಕುಡಿಸಿದ ಮದ್ದಿನಿಂದ ಕೂಸು ರಾತ್ರಿಯೆಲ್ಲ ಕಣ್ಣರಳಿಸಿ ಕುಣಿಯತೊಡಗಿದರೆ, ಅದನ್ನು ಹಿಂದಕ್ಕೆ ತೆಗೆಯುವ ಮದ್ದು ತಾಯಿಯ ಚೀಲದಲ್ಲಿ ಇರುವುದಿಲ್ಲ.

ಮಡಿಲೋ, ಆಸನವೋ?

ಎರಡು ವರ್ಷ ತುಂಬುವವರೆಗೆ ಮಗುವಿಗೆ ಬೇರೆ ಆಸನ ಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಹೊರದೇಶದ ಪ್ರಯಾಣಗಳಲ್ಲಿ ದೊಡ್ಡವರ ದರದ ಹತ್ತರಲ್ಲೊಂದು ಪಾಲನ್ನೂ ತೆರಿಗೆಗಳನ್ನೂ ತೆತ್ತು ಮಡಿಲಲ್ಲಿ ಕರೆದೊಯ್ಯುವುದು ಸಾಮಾನ್ಯ ಪದ್ಧತಿ. ಎರಡು ತುಂಬಿದ ಮೇಲೆ ಆಸನವೂ ಬೇಕು, ಹಣವೂ ಬೇಕು. ಆದ್ದರಿಂದಲೇ ಎಷ್ಟೋ ಸಂಸಾರಗಳು ಎರಡನೆಯ ಹುಟ್ಟುಹಬ್ಬದ ಮೊದಲೇ ಊರಿಗೊಮ್ಮೆ ಬಂದುಹೋಗುವ ಲೆಕ್ಕ ಹಾಕುತ್ತವೆ.

ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಇನ್ನಾವುದು ಎಂದು ಕೇಳಬಹುದು. ಈ ಪ್ರಶ್ನೆಗೆ ವಿಮಾನಯಾನದ ಇತಿಹಾಸದಲ್ಲಿ ಒಂದು ಕಹಿಯಾದ ಉತ್ತರವಿದೆ. 1989ರ ಜುಲೈ 19ರಂದು ಅಮೆರಿಕದ ಡೆನ್ವರಿನಿಂದ ಷಿಕಾಗೋಗೆ ಹೊರಟ ವಿಮಾನವೊಂದು ಯಂತ್ರ ಕೆಟ್ಟು, ಅಯೋವಾ ಸಂಸ್ಥಾನದ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 296 ಜನರಲ್ಲಿ 184 ಮಂದಿ ಬದುಕುಳಿದರು. ಮಡಿಲಲ್ಲಿ ಬಂದಿದ್ದ ಮಕ್ಕಳು ನಾಲ್ವರು. ಅವರನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿರೆಂದು, ಅಂದಿನ ನಿಯಮಕ್ಕನುಸಾರವಾಗಿ, ಹಿರಿಯ ಗಗನಸಖಿ ಜ್ಯಾನ್ ಬ್ರೌನ್ ತಾಯ್ತಂದೆಯರಿಗೆ ಹೇಳಿದರು. ವಿಮಾನ ನೆಲಕ್ಕೆ ಬಡಿದಾಗ ಯಾವ ತೋಳಿನ ಬಲವೂ ಸಾಲದೆ ಹೋಯಿತು. ನಾಲ್ವರಲ್ಲಿ ಒಂದು ಮಗು ತೀರಿಕೊಂಡಿತು. ತಾನೇ ಹೇಳಿದ ಆ ಮಾತನ್ನು ಬ್ರೌನ್ ಮರೆಯಲಿಲ್ಲ. ಪ್ರತಿಯೊಂದು ಮಗುವಿಗೂ ಪಟ್ಟಿ ಬಿಗಿದ ಆಸನ ಬೇಕೆಂದು ಮುಂದೆ ವರ್ಷಗಟ್ಟಲೆ ಸರ್ಕಾರದ ಮುಂದೆ ವಾದಿಸಿದರು.

ಅಮೆರಿಕದ ವಿಮಾನಯಾನ ಇಲಾಖೆ ಅದನ್ನು ಕಾನೂನು ಮಾಡಲಿಲ್ಲ. ಟಿಕೆಟಿನ ವೆಚ್ಚ ಹೆಚ್ಚಿದರೆ ಸಂಸಾರಗಳು ಮೋಟಾರಿನಲ್ಲಿ ಹೊರಡುವುವು, ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಅದಕ್ಕಿಂತ ಹೆಚ್ಚಾದೀತು ಎಂಬುದು ಅದರ ವಾದ. ಆದರೆ ಅದೇ ಇಲಾಖೆ, ಮಗುವಿಗೆ ಅತ್ಯಂತ ಕ್ಷೇಮವಾದ ಸ್ಥಳ ಮಡಿಲಲ್ಲ, ಪಟ್ಟಿಯುಳ್ಳ ಮಕ್ಕಳ ಪೀಠವೇ ಎಂದೂ ಹೇಳುತ್ತ ಬಂದಿದೆ. ಕ್ಯಾಲಿಫೋರ್ನಿಯಕ್ಕೆ ಮೋಟಾರಿನಲ್ಲಿ ಹೋಗಲಾಗದ ಬಸವನಗುಡಿಯ ತಾಯಿಗೆ ಮೊದಲಿನ ವಾದ ತಾಗುವುದಿಲ್ಲ. ಎರಡನೆಯ ಮಾತು ತಾಗುತ್ತದೆ.

ಎಲ್ಲರ ಕೈಯಲ್ಲೂ ಎರಡನೆಯ ಆಸನದ ಹಣವಿರುವುದಿಲ್ಲ. ಆ ಮನೆಯಲ್ಲಿಯೂ ಇರಲಿಲ್ಲ. ಹಾಗಿದ್ದಾಗಲೂ ಮಾಡಬಹುದಾದುದು ಇದೆ. ಅನೇಕ ದೇಶಗಳ ವಿಮಾನಗಳಲ್ಲಿ ತಾಯಿಯ ಸೊಂಟದ ಪಟ್ಟಿಗೆ ಸೇರಿಸುವ ಕೂಸಿನ ಸಣ್ಣ ಪಟ್ಟಿಯನ್ನು ಕೊಡುತ್ತಾರೆ. ಅಮೆರಿಕದ ಸಂಸ್ಥೆಗಳ ವಿಮಾನಗಳಲ್ಲಿ ಏರುವಾಗ ಇಳಿಯುವಾಗ ಅದಕ್ಕೆ ಅನುಮತಿಯಿಲ್ಲ. ಎದುರಿನ ಗೋಡೆಗೆ ತಗುಲಿಸುವ ತೊಟ್ಟಿಲನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಅದು ಹೊರುವ ತೂಕಕ್ಕೆ ಮಿತಿಯುಂಟು, ಹತ್ತು ಹನ್ನೊಂದು ಕಿಲೋ ದಾಟಿದ ಮಗುವಿಗೆ ಸಾಮಾನ್ಯವಾಗಿ ಅದು ಸಿಗದು. ವಿಮಾನ ಕುಲುಕಾಡತೊಡಗಿದರೆ ತೊಟ್ಟಿಲಿನಲ್ಲಿ ಮಲಗಿದ ಮಗುವನ್ನು ಮಡಿಲಿಗೆ ತೆಗೆದುಕೊಂಡು ಪಟ್ಟಿ ಬಿಗಿಯಲೇಬೇಕು. ಎಚ್ಚರವಾದೀತೆಂಬ ಮರುಕ ಅಲ್ಲಿ ಸಲ್ಲದು. ಭೂಮಿಯ ಸೆಳೆತದ ಮೂರರಷ್ಟು ರಭಸದ ಕುಲುಕಿನಲ್ಲಿ ಒಂಬತ್ತು ಕಿಲೋ ತೂಗುವ ಕೂಸು ಇಪ್ಪತ್ತೇಳು ಕಿಲೋ ಭಾರವಾಗುತ್ತದೆ. ಎಂಥ ತಾಯಿಯ ತೋಳೂ ಆ ಭಾರವನ್ನು ಎದುರುನೋಡಿರುವುದಿಲ್ಲ.

ಬುತ್ತಿಯ ಚೀಲ

ಅಜ್ಜಿ ಒಂದು ವಾರ ಮೊದಲೇ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಸರಿಹಿಟ್ಟು ಮಾಡಿದ್ದಳು. ನೀರಾಗಲಿ ಹಾಲಾಗಲಿ 100 ಮಿಲಿಲೀಟರಿಗಿಂತ ಹೆಚ್ಚು ಒಯ್ಯಬಾರದೆಂದು ಯಾರೋ ಹೆದರಿಸಿದ್ದರು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ವಿಮಾನಗಳನ್ನು ಸ್ಫೋಟಿಸುವ ಸಂಚು ಬಯಲಾದ ಮೇಲೆ ಬಂದ ಕಟ್ಟಳೆಯದು; ಆದರೆ ಜೊತೆಯಲ್ಲಿ ಮಗುವಿದ್ದಾಗ ಪ್ರಯಾಣಕ್ಕೆ ಬೇಕಾದಷ್ಟು ಹಾಲಿಗೂ ಶಿಶುವಿನ ಆಹಾರಕ್ಕೂ ವಿನಾಯಿತಿಯುಂಟು. ತಪಾಸಣೆಯವರಿಗೆ ತಾನಾಗಿ ತೆಗೆದು ತೋರಿಸಿದರಾಯಿತು.

ಡಯಾಪರುಗಳನ್ನು ಎಣಿಸಿಟ್ಟು, ವಿಮಾನ ತಡವಾದರೆ ಬೇಕೆಂದು ಅದರ ಮೇಲೆ ಅರ್ಧದಷ್ಟನ್ನು ಇಟ್ಟರು. ಮಗುವಿಗೆ ಎರಡು ಜೊತೆ ಬಟ್ಟೆ, ತಾಯಿಗೂ ಒಂದು ಜೊತೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕಕ್ಕಿದ ಹಾಲು ಮಗುವಿನ ಮೇಲೆ ಮಾತ್ರ ಬೀಳುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಹೊಸ ಆಟಿಕೆಗಳನ್ನು ಕೊಳ್ಳಹೊರಟ ಮಗಳನ್ನು ಅಜ್ಜಿ ತಡೆದಳು. ಮುಚ್ಚಳವಿರುವ ಒಂದು ಸ್ಟೀಲಿನ ಡಬ್ಬಿ, ಒಂದು ಮರದ ಚಮಚ, ಕೂಸು ದಿನವೂ ಹಿಡಿದು ಮಲಗುವ ತನ್ನ ಹಳೆಯ ಸೀರೆಯ ತುಂಡು, ಇಷ್ಟನ್ನು ಚೀಲಕ್ಕೆ ತುರುಕಿದಳು. ವಿಮಾನದ ಒಳಗಿನ ಗಾಳಿ ಬಹಳ ಒಣಗಿದ್ದಾದ್ದರಿಂದ ಎದೆಹಾಲನ್ನು ಮೇಲಿಂದ ಮೇಲೆ ಕೊಡುತ್ತಿರಬೇಕೆಂದೂ ಕೊಡುವ ತಾಯಿ ತಾನು ನೀರು ಕುಡಿಯುವುದನ್ನು ಮರೆಯಬಾರದೆಂದೂ ವೈದ್ಯರು ಹೇಳಿದ್ದುದನ್ನು ಎರಡು ಸಲ ನೆನಪಿಸಿದಳು.

ಅಳುವ ಮಗು, ಮುನಿಯುವ ನೆರೆ

ತಾಯಿಯ ಮನಸ್ಸಿನ ನಿಜವಾದ ಅಂಜಿಕೆ ಕೂಸಿನದಾಗಿರಲಿಲ್ಲ, ಜನರದು. ಮುನ್ನೂರು ಮಂದಿ ನಿದ್ದೆ ಹೋಗಬಯಸುವ ಕಡೆ ತನ್ನ ಮಗು ಅತ್ತರೆ ಏನೆಂದುಕೊಂಡಾರು?

ಈ ಅಂಜಿಕೆ ಇಂದು ಲೋಕವ್ಯಾಪಿ. 2013ರಲ್ಲಿ ಮಲೇಷ್ಯದ ಏರ್‌ಏಷ್ಯಾ ಎಕ್ಸ್ ಸಂಸ್ಥೆಯು ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕೂರಿಸದ ‘ಶಾಂತ ವಲಯ’ವೊಂದನ್ನು ತನ್ನ ವಿಮಾನಗಳಲ್ಲಿ ತೆರೆಯಿತು. 2019ರಲ್ಲಿ ಜಪಾನ್ ಏರ್‌ಲೈನ್ಸ್, ಎರಡು ವರ್ಷದೊಳಗಿನ ಮಕ್ಕಳು ಎಲ್ಲೆಲ್ಲಿ ಕೂರುತ್ತಾರೆಂಬುದನ್ನು ಆಸನಗಳ ನಕ್ಷೆಯ ಮೇಲೆ ಗುರುತು ಮಾಡಿ ತೋರಿಸತೊಡಗಿತು. ಅದೇ ವರ್ಷ ಸೋಲ್ ನಗರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಾಲ್ಕು ತಿಂಗಳ ಮಗುವಿನೊಡನೆ ಹೊರಟ ತಾಯಿಯೊಬ್ಬಳು, ಕಿವಿಗಿಡುವ ಮೆತ್ತೆಯನ್ನೂ ಮಿಠಾಯಿಯನ್ನೂ ತುಂಬಿದ ಇನ್ನೂರು ಪೊಟ್ಟಣಗಳನ್ನು ಸಹಯಾತ್ರಿಕರಿಗೆ ಹಂಚಿ, ಮಗುವಿನ ಪರವಾಗಿ ಮುಂಚಿತವಾಗಿಯೇ ಕ್ಷಮೆ ಬೇಡಿದ ಸುದ್ದಿ ಲೋಕವೆಲ್ಲ ಹರಡಿತು. ಹಲವರು ಅವಳ ಸೌಜನ್ಯಕ್ಕೆ ಮಾರುಹೋದರು. ಸೌಜನ್ಯ ಒಳ್ಳೆಯದೇ. ಆದರೆ ಹಸಿವಿಗೂ ನೋವಿಗೂ ಅಳುವುದನ್ನಲ್ಲದೆ ಬೇರೆ ಭಾಷೆಯನ್ನರಿಯದ ಜೀವದ ಪರವಾಗಿ ತಾಯಿ ಅಪರಾಧಿಯಂತೆ ನಿಲ್ಲಬೇಕಾಗಿ ಬಂದುದರಲ್ಲಿ ಸಹಯಾತ್ರಿಕರು ಯೋಚಿಸಬೇಕಾದುದೂ ಇದೆ. ಜನರ ಮುನಿಸಿಗೆ ಹೆದರಿದ ತಾಯಿಯೇ ನಿದ್ದೆಯ ಮದ್ದಿನ ಸೀಸೆಯತ್ತ ಕೈಚಾಚುತ್ತಾಳೆ. ಎದುರುಮನೆಯ ಹಿರಿಯರ ಸಲಹೆಯ ಬೇರು ಇರುವುದು ಇಲ್ಲಿಯೇ.

ಗಗನಸಖಿಯೆಂಬ ಉದ್ಯೋಗವನ್ನು ಮೊದಲು ಹಿಡಿದವರು ದಾದಿಯರೆಂಬುದನ್ನು ಇಲ್ಲಿ ನೆನೆಯಬಹುದು. 1930ರ ಮೇ 15ರಂದು ಅಮೆರಿಕದಲ್ಲಿ ಎಲೆನ್ ಚರ್ಚ್ ಎಂಬ ದಾದಿ ಆ ಕೆಲಸಕ್ಕೆ ಮೊದಲಿಗಳಾಗಿ ವಿಮಾನವೇರಿದಳು. ಅವಳೊಡನೆ ನೇಮಕವಾದ ಇತರ ಏಳು ಮಂದಿಯೂ ದಾದಿಯರೇ. ಆಕಾಶದಲ್ಲಿ ಹೆದರಿದವರನ್ನೂ ಅಸ್ವಸ್ಥರನ್ನೂ ಸಂತೈಸುವವರು ಬೇಕೆಂಬುದೇ ಆ ಉದ್ಯೋಗದ ಮೂಲ. ನೆರವು ಕೇಳುವುದಕ್ಕೆ ತಾಯಿ ಸಂಕೋಚಪಡಬೇಕಾದುದಿಲ್ಲ.

ಇಳಿಯುವ ಹೊತ್ತು

ದೇವನಹಳ್ಳಿಯ ನಿಲ್ದಾಣದಿಂದ ವಿಮಾನ ಮೇಲೆದ್ದಾಗ ರಾತ್ರಿ ಮೂರು ಗಂಟೆ ದಾಟಿತ್ತು. ಕೂಸು ದೀಪಗಳನ್ನೂ ಜನರನ್ನೂ ನೋಡಿ ಬೆರಗಾಗಿ ಮಲಗಲೊಲ್ಲದೆ ಕುಳಿತಿತ್ತು. ಏರುವಾಗ ಹಾಲು ಕುಡಿಯಿತು, ಅಳಲಿಲ್ಲ. ಆಮೇಲೆ ತುಸು ಮಲಗಿತು, ಎದ್ದಿತು, ಸ್ಟೀಲಿನ ಡಬ್ಬಿಯ ಮುಚ್ಚಳವನ್ನು ನೂರು ಸಲ ತೆಗೆದು ನೂರು ಸಲ ಮುಚ್ಚಿತು. ತಾಯಿ ಅದನ್ನು ಹೆಗಲಿಗೇರಿಸಿ ಸಾಲುಗಳ ನಡುವಣ ಇಕ್ಕಟ್ಟಿನ ದಾರಿಯಲ್ಲಿ ಅತ್ತಿಂದಿತ್ತ ನಡೆದಳು. ಫ್ರಾಂಕ್‌ಫರ್ಟ್ ಇನ್ನೊಂದು ಗಂಟೆಯಿದೆಯೆನ್ನುವಾಗ ಅದು ಕೊನೆಗೂ ಗಾಢವಾಗಿ ನಿದ್ದೆ ಹೋಯಿತು. ಒಂಬತ್ತು ಗಂಟೆಗಳಲ್ಲಿ ಮೊದಲ ಸಲ ತಾಯಿಯ ಕೈಗಳು ಬಿಡುವಾದುವು.

ಇಳಿತ ಆರಂಭವಾಯಿತೆಂದು ಪ್ರಕಟಣೆ ಕೇಳಿಸಿತು. ತೊಟ್ಟಿಲಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಪಟ್ಟಿ ಬಿಗಿದರೂ ಕೂಸು ಎಚ್ಚರಗೊಳ್ಳಲಿಲ್ಲ. ತಾಯಿ ಅದರ ಮುಖವನ್ನು ನೋಡಿದಳು. ವೈದ್ಯರ ಮಾತು ನೆನಪಾಯಿತು. ತನ್ನ ತಾಯಿಯ ಮಾತೂ ನೆನಪಾಯಿತು. ಎಬ್ಬಿಸಲು ಕೈ ಬರಲಿಲ್ಲ.

ಹದಿನೈದು ನಿಮಿಷಗಳ ತರುವಾಯ ಕೂಸು ಬೆಚ್ಚಿಬಿದ್ದು ಚೀರಿತು. ಅದು ಹಸಿವಿನ ಅಳುವಾಗಿರಲಿಲ್ಲ, ಹಟದ ಅಳುವೂ ಆಗಿರಲಿಲ್ಲ. ಎರಡು ಕಿವಿಗಳನ್ನೂ ಕೈಯಿಂದ ಬಡಿದುಕೊಳ್ಳುತ್ತಿತ್ತು. ಆಗ ಹಾಲು ಕೊಡಹೋದರೆ ಬಾಯಿಗೆ ತೆಗೆದುಕೊಳ್ಳಲಿಲ್ಲ. ನೋವಿನಲ್ಲಿರುವ ಮಗು ಹೀರಲಾರದು. ಮುಂದಿನ ಸಾಲಿನಿಂದ ಒಬ್ಬರು ತಿರುಗಿ ನೋಡಿದರು. ವಿಮಾನ ನೆಲ ಮುಟ್ಟುವವರೆಗೂ ಕೂಸು ಅತ್ತಿತು. ಅದರೊಡನೆ ತಾಯಿಯೂ ಅತ್ತಳು.

ನಿಲ್ದಾಣದಲ್ಲಿ ನಾಲ್ಕು ಗಂಟೆ ಕಾಯಬೇಕಾಗಿತ್ತು. ಅಲ್ಲಿಂದ ಅವಳು ಮನೆಗೆ ಫೋನು ಮಾಡಿದಳು. ಅಜ್ಜಿ ಎಲ್ಲವನ್ನೂ ಕೇಳಿ ತುಸು ಹೊತ್ತು ಸುಮ್ಮನಿದ್ದಳು.

“ನನ್ನ ಮಾತು ನೆನೆಸಿಕೊಂಡು ಸುಮ್ಮನಾದೆಯೇನೇ?”

“ಹೂಂ ಅಮ್ಮ.”

“ಹಾಗಾದರೆ ಕೇಳು. ಮುಂದಿನ ಸಲ ಎಬ್ಬಿಸು. ನಾನೇ ಹೇಳುತ್ತಿದ್ದೇನೆ.”

ಎರಡನೆಯ ವಿಮಾನ ಹನ್ನೊಂದು ಗಂಟೆಗೂ ಮಿಕ್ಕ ಹಾದಿ. ಸೂರ್ಯನ ಹಿಂದೆಯೇ ಪಶ್ಚಿಮಕ್ಕೆ ಓಡುವ ಆ ವಿಮಾನಕ್ಕೆ ಹೊರಗೆ ಕತ್ತಲೆಯೇ ಆಗಲಿಲ್ಲ. ಆದರೆ ಕೂಸಿನ ಮೈಯೊಳಗಿನ ಗಡಿಯಾರ ಬೆಂಗಳೂರಿನ ಲೆಕ್ಕದಲ್ಲಿಯೇ ನಡೆದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಸಮೀಪಿಸಿದಾಗ ಅಲ್ಲಿ ಮಧ್ಯಾಹ್ನದ ಬಿಸಿಲು; ಬಸವನಗುಡಿಯಲ್ಲಿ ಬೆಳಗಿನ ಜಾವದ ನಾಲ್ಕು ಗಂಟೆ. ನಿದ್ದೆಯ ಅತ್ಯಂತ ಆಳದ ಹೊತ್ತು. ಕೂಸು ಅಜ್ಜಿಯ ಸೀರೆಯ ತುಂಡನ್ನು ಕೆನ್ನೆಗೊತ್ತಿಕೊಂಡು ಮಲಗಿತ್ತು.

ಇಳಿತದ ಪ್ರಕಟಣೆಯಾಯಿತು. ಈ ಸಲ ತಾಯಿ ತಡಮಾಡಲಿಲ್ಲ. ಕೂಸನ್ನು ಎತ್ತಿ ನೆಟ್ಟಗೆ ಕೂರಿಸಿದಳು; ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು; ಪಾದಗಳನ್ನು ಉಜ್ಜಿದಳು. ಅದು ಮುಖ ಸೊಟ್ಟಗೆ ಮಾಡಿ ಒಂದೆರಡು ಸಲ ಗೊಣಗಿ ಕಣ್ಣು ಬಿಟ್ಟಿತು. ಪಕ್ಕದಲ್ಲಿದ್ದ ಹೆಂಗಸು, ಪಾಪ, ಮಲಗಿದ್ದುದನ್ನೇಕೆ ಎಬ್ಬಿಸುತ್ತಾಳೆಂದು ಆಶ್ಚರ್ಯಪಟ್ಟು ನೋಡಿದಳು. ತಾಯಿ ಸೆರಗು ಹೊದಿಸಿ ಎದೆಗವುಚಿಕೊಂಡಳು. ಗುಟುಕು ಗುಟುಕಾಗಿ ನುಂಗುವ ಸದ್ದು ಅವಳೊಬ್ಬಳಿಗೇ ಕೇಳುತ್ತಿತ್ತು. ನಡುವೆ ಕೂಸು ಒಮ್ಮೆ ಹಾಲು ಬಿಟ್ಟು, ಕಿವಿಯನ್ನು ಮುಟ್ಟಿ ನೋಡಿಕೊಂಡು, ಮತ್ತೆ ಕುಡಿಯತೊಡಗಿತು. ಚಕ್ರಗಳು ನೆಲಕ್ಕೆ ತಾಗಿದಾಗ ಅದು ಕಿಟಕಿಯ ಬೆಳಕಿಗೆ ಕೈಚಾಚುತ್ತಿತ್ತು.

ಹಗಲಿರುಳಿನ ಅದಲುಬದಲು

ಪ್ರಯಾಣ ಅಲ್ಲಿಗೆ ಮುಗಿಯುವುದಿಲ್ಲ. ಬೇಸಗೆಯ ಕಾಲಮಾನದಲ್ಲಿ ಕ್ಯಾಲಿಫೋರ್ನಿಯಕ್ಕೂ ಭಾರತಕ್ಕೂ ಹನ್ನೆರಡೂವರೆ ಗಂಟೆಗಳ ಅಂತರ. ಹಗಲು ರಾತ್ರಿಯಾಗಿ, ರಾತ್ರಿ ಹಗಲಾಗಿರುತ್ತದೆ. ಮೈಯ ಗಡಿಯಾರ ದಿನಕ್ಕೆ ಸರಿಸುಮಾರು ಒಂದು ಗಂಟೆಯಷ್ಟು ಮಾತ್ರ ತಿದ್ದಿಕೊಳ್ಳಬಲ್ಲದು. ಆದ್ದರಿಂದ ಮೊದಲ ವಾರ ನಡುರಾತ್ರಿಯಲ್ಲಿ ಕೂಸು ಎದ್ದು ಕುಳಿತು ಆಟಕ್ಕೆ ಕರೆದರೆ ಅದು ರೋಗವಲ್ಲ, ಹಟವೂ ಅಲ್ಲ. ಬೆಳಗಿನ ಹೊತ್ತು ಬಿಸಿಲಿಗೆ ಕರೆದೊಯ್ಯುವುದು, ಅಲ್ಲಿಯ ಗಡಿಯಾರಕ್ಕೆ ತಕ್ಕಂತೆ ಉಣಿಸುವುದು, ರಾತ್ರಿ ಎದ್ದಾಗ ದೀಪವನ್ನು ಮಂದವಾಗಿರಿಸಿ ಮೆಲುದನಿಯಲ್ಲಿ ಮಾತನಾಡಿಸುವುದು, ಇಷ್ಟೇ ಚಿಕಿತ್ಸೆ. ಈ ರಾತ್ರಿಗಳ ಪಾಳಿಯನ್ನು ತಂದೆ ಹೊರುವುದು ನ್ಯಾಯ. ಇಪ್ಪತ್ತೈದು ಗಂಟೆಗಳ ಪಾಳಿಯನ್ನು ತಾಯಿ ಆಗಲೇ ಮುಗಿಸಿರುತ್ತಾಳೆ.

ಮನೆ ತಲುಪಿದ ಮೇಲೆ ಮಗಳು ತವರಿಗೆ ಮತ್ತೆ ಫೋನು ಮಾಡಿದಳು. ಬಸವನಗುಡಿಯಲ್ಲಿ ಆಗ ತಾನೇ ಬೆಳಗಾಗಿತ್ತು. ಎದುರುಮನೆಯ ಹಿರಿಯರು ಹಾಲಿನ ಪೊಟ್ಟಣ ಹಿಡಿದು ಗೇಟಿನ ಬಳಿ ನಿಂತಿದ್ದರು.

“ಮಗು ಹೇಗಿದೆಯಂತೆ? ಚೆನ್ನಾಗಿ ಮಲಗಿತೇ?” ಎಂದು ವಿಚಾರಿಸಿದರು.

“ಮಲಗಿತು,” ಎಂದಳು ಅಜ್ಜಿ. “ಹೊತ್ತಿಗೆ ಸರಿಯಾಗಿ ಎಬ್ಬಿಸಿದಳಂತೆ.”